ಎಂಜಿನ್ ಬಣ್ಣ: ಇನ್ನು ಫೋಟೊ ನೋಡಿ ಕಲಸುವುದಿಲ್ಲ

ಮಾನ್ಯ ಗ್ರಾಹಕರೇ,

ಹಳೆಯ ಟ್ರಕ್‌ಗಳ ಎಂಜಿನ್ ಬಣ್ಣವನ್ನು ಮೊಬೈಲ್ ಫೋಟೊ ನೋಡಿ, ಇಲ್ಲವೇ ‘ಷೆವರ್ಲೆ ಗ್ರೇ, ಒಂದು ಲೀಟರ್’ ಎಂಬ ಮಾತಿನ ಮೇಲೆ ಕಲಸಿ ಕೊಡುವುದನ್ನು ಮುಂದಿನ ತಿಂಗಳ 1ರಿಂದ ನಿಲ್ಲಿಸುತ್ತಿದ್ದೇವೆ. ಮೂಲ ಬಣ್ಣ ಉಳಿದಿರುವ ಒಂದು ಬಿಡಿಭಾಗ ತಂದರೆ ಮಾತ್ರ ಆರ್ಡರ್ ತೆಗೆದುಕೊಳ್ಳುತ್ತೇವೆ. ಟಪೆಟ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಅಥವಾ ಸೈಡ್ ಕವರ್ (ಪಕ್ಕದ ಮುಚ್ಚಳ) ಸಾಕು.

ಜನರಲ್ ಮೋಟಾರ್ಸ್ 1928ರಿಂದ 1954ರವರೆಗೆ ಮುಂಬಯಿಯ ಶಿವ್ಡಿಯಲ್ಲಿ ಷೆವರ್ಲೆ ವಾಹನಗಳನ್ನು ಜೋಡಿಸುತ್ತಿತ್ತು. ಆ ಕಾಲದ ಟ್ರಕ್ಕಿನ 216 (ಘನ ಅಂಗುಲದ) ಎಂಜಿನ್ ಬೂದು ಬಣ್ಣದ್ದು. 1953ರ ಕಾರ್ವೆಟ್ ಕಾರಿನ ನೀಲಿ ಬಣ್ಣದ ‘ಬ್ಲೂ ಫ್ಲೇಮ್’ ಎಂಜಿನ್ ನೋಡಿ ಟ್ರಕ್ಕಿಗೂ ನೀಲಿ ಕೇಳುವವರಿದ್ದಾರೆ, ಅದು ತಪ್ಪು. ಪೆಟ್ರೋಲ್ ಎಂಜಿನ್ ಇಳಿಸಿ ಪರ್ಕಿನ್ಸ್ ಡೀಸೆಲ್ ಕೂರಿಸಿದ ಗಾಡಿಗೆ ಷೆವರ್ಲೆಯ ಬೂದು ಹೊಡೆಯುವುದಂತೂ ಇನ್ನೂ ತಪ್ಪು.

ಬೂದು ಎಂದಾಕ್ಷಣ ಯಾವ ಬೂದು ಎಂಬುದೇ ಕಷ್ಟ. ಬಿಳಿಗೆ ಕಾರ್ಬನ್ ಕಪ್ಪು ಮಾತ್ರ ಬೆರೆಸಿದರೆ ನೀಲಿ ಛಾಯೆ ಬರುತ್ತದೆ, ಅದನ್ನು ತಗ್ಗಿಸಲು ಚೂರು ಹಳದಿ ಆಕ್ಸೈಡ್ ಬೇಕು. ಆ ಚೂರು ಎಷ್ಟೆಂದು ಫೋಟೊ ಹೇಳುವುದಿಲ್ಲ. ಟ್ಯೂಬ್‌ಲೈಟಿನಡಿ ಒಂದೇ ಎನಿಸಿದ ಎರಡು ಬೂದುಗಳು ಬಿಸಿಲಿಗೆ ಬಂದರೆ ಬೇರೆಯಾಗಿ ಕಾಣಬಹುದು.

ಮಾದರಿಯನ್ನು ಹುಡುಕುವುದು ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಕೊಳವೆ) ಇರುವ ಬದಿಯಲ್ಲಲ್ಲ. ಅಲ್ಲಿ ಶಾಖಕ್ಕೆ ಬಣ್ಣ ಕಂದಿರುತ್ತದೆ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಇರುವ ಬದಿಯಲ್ಲಿ, ಬ್ಲಾಕಿನ ಕೆಳಭಾಗದಲ್ಲಿ ಗಟ್ಟಿಯಾದ ಗ್ರೀಸಿನಡಿ ನೋಡಿ. ಗ್ರೀಸು ಎಷ್ಟು ಹಳೆಯದೋ ಅದರ ಕೆಳಗಿನ ಬಣ್ಣ ಅಷ್ಟು ಚೆನ್ನಾಗಿ ಉಳಿದಿರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ ಒರೆಸಿ, ಆಮೇಲೆ ಸೋಪು ನೀರು. ಥಿನ್ನರ್, ಕಾಸ್ಟಿಕ್ ಸೋಡಾ ಬೇಡವೇ ಬೇಡ. ಬಳಿಕ 800ರ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ನುಣುಪು ಉಪ್ಪುಕಾಗದ) ನಾಣ್ಯದಗಲ ಉಜ್ಜಿದರೆ ಪದರಗಳು ಈರುಳ್ಳಿಯ ಸುತ್ತಿನಂತೆ ಕಾಣುತ್ತವೆ. ಕಬ್ಬಿಣಕ್ಕೆ ನೇರವಾಗಿ ಅಂಟಿದ್ದು ಸಾಮಾನ್ಯವಾಗಿ ಕಾರ್ಖಾನೆಯ ಬಣ್ಣ. ಅಡಿಯಲ್ಲಿ ರೆಡ್ ಆಕ್ಸೈಡ್ (ಕೆಂಪು ಪ್ರೈಮರ್) ಸಿಕ್ಕರೆ ಯಾವುದೋ ಗ್ಯಾರೇಜಿನ ಕೆಲಸ ಎಂದುಕೊಳ್ಳಿ. ಒಣದಾಗಿ ಉಜ್ಜಬೇಡಿ, ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು. ನೀರು ಹಾಕಿಯೇ ಉಜ್ಜಿ. ಮಾದರಿಯ ಮೇಲ್ಪದರ ಮಾಸಿದ್ದರೆ ಕಂಪೌಂಡ್ (ಪಾಲಿಶ್ ಪೇಸ್ಟ್) ಹಾಕಿ ಹೊಳಪು ಬರಿಸುವ ಕೆಲಸ ನಮಗೆ ಬಿಡಿ.

ಕಲಸಿದ ಬಣ್ಣವನ್ನು ತಗಡಿನ ತುಂಡಿಗೆ ಸ್ಪ್ರೇ ಮಾಡಿ, 24 ಗಂಟೆ ಒಣಗಿಸಿ, ಮಧ್ಯಾಹ್ನ ನೆರಳಿನಲ್ಲಿ ನಿಮ್ಮ ಭಾಗದ ಪಕ್ಕ ಇಟ್ಟು ತೋರಿಸುತ್ತೇವೆ. ಎನಾಮಲ್ ಒಣಗಿದ ಮೇಲೆ ಒಂದು ಛಾಯೆ ಗಾಢವಾಗುತ್ತದೆ, ಹಾಗಾಗಿ ಹಸಿ ಬಣ್ಣ ನೋಡಿ ಒಪ್ಪಿಗೆ ಕೊಡಬೇಡಿ. ಹಿಂದೆ ಎರಡು ದಿನ ಸಾಕಾಗುತ್ತಿತ್ತು, ಇನ್ನು ಐದು ದಿನ ಹಿಡಿಯುತ್ತದೆ. ದರ ಬದಲಾಗಿಲ್ಲ.

ಆರು ಸಿಲಿಂಡರಿನ ಒಂದು ಎಂಜಿನ್ನಿಗೆ ಎರಡು ತೆಳು ಕೋಟಿಗೆ, ಸ್ಪ್ರೇ ಮಾಡುವಾಗ ಹಾರಿ ಹೋಗುವುದೂ ಸೇರಿ, ಒಂದು ಲೀಟರ್ ಹಿಡಿಯುತ್ತದೆ. ಟಚಪ್‌ಗೆ 100 ಮಿಲಿ ಅದೇ ಡಬ್ಬಿಯಿಂದ ತೆಗೆದಿಡಿ. ಬಣ್ಣ ಸಿಪ್ಪೆಯೇಳುವುದಕ್ಕೆ ಸಾಮಾನ್ಯ ಕಾರಣ ಎರಕದ ಕಬ್ಬಿಣದ ರಂಧ್ರಗಳಲ್ಲಿ ಉಳಿದ ಎಣ್ಣೆ. ಬ್ಲಾಕನ್ನು ಕೈ ತಾಳುವಷ್ಟು ಬಿಸಿ ಮಾಡಿ ಎಣ್ಣೆ ಹೊರಬರಲು ಬಿಟ್ಟು, ತಣಿದ ಮೇಲೆ ಥಿನ್ನರಿನಲ್ಲಿ ಎರಡು ಸಲ ಒರೆಸಿ, ಆಮೇಲೆ ಹೊಡೆಯಿರಿ. ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಈ ಬಣ್ಣ ಬೇಡ, ಮೊದಲ ದಿನವೇ ಸುಟ್ಟು ಹೊಗೆಯಾಡುತ್ತದೆ. ಕಾರ್ಬ್ಯುರೇಟರನ್ನು ಪೇಪರ್ ಸುತ್ತಿ ಮುಚ್ಚಿ. ಕ್ಲಿಯರ್ ಕೋಟ್ (ಬಣ್ಣವಿಲ್ಲದ ಹೊಳಪಿನ ಮೇಲ್ಪದರ) ಕೇಳಿದರೂ ನಾವು ಕೊಡುವುದಿಲ್ಲ, ಅದು ಆ ಕಾಲದ ಎಂಜಿನ್ನಿನ ಮೇಲೆ ಇರಲಿಲ್ಲ.

ಈ ತಿಂಗಳ ಕೊನೆಯೊಳಗೆ ಮುಂಗಡ ಕೊಟ್ಟವರ ಆರ್ಡರ್ ಹಳೆಯ ಕ್ರಮದಲ್ಲೇ ಮುಗಿಸುತ್ತೇವೆ.

ಇಂತಿ,
ಪೇಂಟ್ ಮಿಕ್ಸಿಂಗ್ ವಿಭಾಗ