ಹಾಸ್ಟೆಲ್ ಮಕ್ಕಳಿಗೆ ಹುಷಾರಿಲ್ಲದಾಗ

ಮಾನ್ಯರೇ,

ನನ್ನ ಮಗಳು ಬೆಳಗಾವಿಯಲ್ಲಿ ಎಂ.ಎಸ್ಸಿ. ಓದುತ್ತಾಳೆ. ಅವಳಿಗೆ ಅಸ್ತಮಾ. ನಮ್ಮ ಬಾಗಲಕೋಟೆಯ ಒಣ ಹವೆಯಲ್ಲಿ ಹೇಗೋ ನಡೆಯುತ್ತಿತ್ತು. ಅಲ್ಲಿ ಜಿಟಿಜಿಟಿ ಮಳೆ ಹಿಡಿದು ಗೋಡೆಗೆ ಬೂಷ್ಟು ಬಂದರೆ ಸಾಕು, ಮತ್ತೆ ಮತ್ತೆ ಉಸಿರು ಕಟ್ಟುತ್ತದೆ. ರಾತ್ರಿ ಫೋನ್ ಬಂದರೆ ಎದೆ ಝಲ್ ಅನ್ನುತ್ತದೆ. ಬೆಳಗಿನ ಮೊದಲ ಬಸ್ ಹಿಡಿದರೂ ಮೂರು ತಾಸಿಗಿಂತ ಜಾಸ್ತಿ ಬೇಕು. ಅಲ್ಲಿಯವರೆಗೆ ನೆಟ್ಟಗೆ ಕೂರಿಸಿ, ಇನ್‌ಹೇಲರ್ ಕೊಟ್ಟು, ಗಂಜಿ ಕುಡಿಸಿದವರು ರೂಮಿನ ಗೆಳತಿಯರು. ಅವರ ಋಣ ದೊಡ್ಡದು.

ಆದರೆ ಎಲ್ಲವನ್ನೂ ಆ ಹುಡುಗಿಯರ ಮೇಲೆ ಬಿಡುವುದು ತಪ್ಪು, ಅಲ್ವಾ? ಯಾರಿಗೆ ಯಾವ ಕಾಯಿಲೆ, ಯಾವ ಔಷಧಿ ಎಂದು ವಾರ್ಡನ್‌ಗಳಿಗೆ ಗೊತ್ತಿರಲಿ. ಶೇ 75 ಹಾಜರಾತಿಯ ಲೆಕ್ಕದಲ್ಲಿ ವೈದ್ಯರ ಚೀಟಿಗೂ ಬೆಲೆ ಇರಲಿ. ಹಾಜರಾತಿ ಕಡಿಮೆಯಾದೀತೆಂಬ ಭಯಕ್ಕೇ ಮೊನ್ನೆ ಮಗಳು ಏದುಸಿರು ಬಿಡುತ್ತಲೇ ಕ್ಲಾಸಿಗೆ ಹೋಗಿದ್ದಾಳೆ.

– ಒಬ್ಬ ತಾಯಿ, ಬಾಗಲಕೋಟೆ