ಹಳೇ ಬೈಪ್ಲೇನ್ ಫೋಟೊ, ದಾಖಲೆ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಬೈಪ್ಲೇನ್, ಅಂದರೆ ಒಂದರ ಮೇಲೊಂದು ರೆಕ್ಕೆಯಿರುವ ವಿಮಾನದ ಫೋಟೊ ಹಾಕುವಾಗ ದಯವಿಟ್ಟು ಅದರ ಮೈಮೇಲಿನ ನೋಂದಣಿ ಅಕ್ಷರಗಳನ್ನಷ್ಟೇ ಬರೆದು ಬಿಡಬೇಡಿ. ವಿಮಾನ ಬೇರೆ ದೇಶಕ್ಕೆ ಮಾರಾಟವಾದರೆ ಅವು ಬದಲಾಗುತ್ತವೆ, ವಾಯುಪಡೆಗೆ ಸೇರಿದರೆ ಇನ್ನೊಂದು ಸಂಖ್ಯೆ ಬರುತ್ತದೆ. ಕಾರ್ಖಾನೆ ಕೊಟ್ಟ ನಿರ್ಮಾಣ ಸಂಖ್ಯೆಯೇ ಅದರ ಜಾತಕ. ಆದರೂ ಸಂಖ್ಯೆಯ ಫಲಕವೊಂದನ್ನೇ ನಂಬಬೇಡಿ. ಎಷ್ಟೋ ಟೈಗರ್ ಮಾತ್‌ಗಳು (ಪೈಲಟ್ ತರಬೇತಿಗೆ ಬಳಸುತ್ತಿದ್ದ ಬ್ರಿಟಿಷ್ ಬೈಪ್ಲೇನ್) ಎರಡು ಮೂರು ವಿಮಾನಗಳ ಭಾಗ ಸೇರಿಸಿ ಮತ್ತೆ ಕಟ್ಟಿದಂಥವು. ಹಾರಾಟ, ದುರಸ್ತಿಗಳನ್ನು ಬರೆದಿಡುವ ಲಾಗ್‌ಬುಕ್ ಜೊತೆ ತಾಳೆ ನೋಡಲೇಬೇಕು.

ಟೈಗರ್ ಮಾತ್‌ಗೂ ಅದಕ್ಕಿಂತ ಹಳೆಯ ಜಿಪ್ಸಿ ಮಾತ್‌ಗೂ ಗೊಂದಲ ಆಗುತ್ತಲೇ ಇದೆ. ರೆಕ್ಕೆ ನೋಡಿ. ಜಿಪ್ಸಿ ಮಾತ್‌ನದು ನೇರ. 1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್‌ನದು ಹಿಂದಕ್ಕೆ ಬಾಗಿದೆ. ಮುಂದಿನ ಆಸನದವರು ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಜಿಗಿಯಲು ಅಡ್ಡಿಯಾಗಬಾರದೆಂದು ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಅದರಿಂದ ಸಮತೋಲನ ತಪ್ಪದಿರಲೆಂದು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರು. ಒಂದು ಜೀವ ಉಳಿಸುವ ಯೋಚನೆ ವಿಮಾನದ ರೂಪವನ್ನೇ ಬದಲಿಸಿತು ಎಂಬುದು ನನಗೆ ಇಂದಿಗೂ ರೋಮಾಂಚನ.

ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಮೊನ್ನೆ ಬಂದ ಒಂದು ಫೋಟೊದ ಹಿಂದೆ ಪೆನ್ಸಿಲ್‌ನಲ್ಲಿ, ಅರ್ಧ ಅಳಿಸಿದಂತೆ, ತಾರೀಖೂ ಪೈಲಟ್ ಹೆಸರೂ ಇತ್ತು. ಮುಂಬದಿಯಲ್ಲಿ ಬರೀ ಬಾಲ ಕಾಣುತ್ತಿತ್ತು! ಮೂಲಪ್ರತಿಯ ಮೇಲೆ ಪೆನ್ನಿನಿಂದ ಏನೂ ಬರೆಯಬೇಡಿ.

ಹಿರಿಯ ಮೆಕ್ಯಾನಿಕ್‌ಗಳು, ಪೈಲಟ್‌ಗಳು ಪರಿಚಯದಲ್ಲಿದ್ದರೆ ಅವರ ಮಾತನ್ನು ಅನುಮತಿ ಕೇಳಿ ಈಗಲೇ ರೆಕಾರ್ಡ್ ಮಾಡಿಕೊಳ್ಳಿ. ದಾಖಲೆ ಆಮೇಲೂ ಹುಡುಕಬಹುದು.