ರೋವರ್ ಪಿ5ಬಿ ಕೊಳ್ಳಲು ಹೊರಟವರ ಗಮನಕ್ಕೆ

ಸ್ನೇಹಿತರೇ, 1967ರಿಂದ 1973ರವರೆಗೆ ತಯಾರಾದ ಈ ಕಾರಿನ ಎಂಜಿನ್ 3.5 ಲೀಟರಿನ ವಿ8, ಅಂದರೆ ಎಂಟು ಸಿಲಿಂಡರಿನದು. ಗೇರ್‌ಬಾಕ್ಸ್ ಮೂರು ಗೇರಿನ ಬೋರ್ಗ್ ವಾರ್ನರ್ ಕಂಪನಿಯ ಆಟೊಮ್ಯಾಟಿಕ್. ಮ್ಯಾನ್ಯುವಲ್ ಬರಲೇ ಇಲ್ಲ. 1979ರಲ್ಲಿ ಬ್ರಿಟನ್ನಿನ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ ಪ್ರಧಾನಿ ನಿವಾಸವಿರುವ ಡೌನಿಂಗ್ ಸ್ಟ್ರೀಟ್‌ಗೆ ಬಂದಿಳಿದದ್ದು ಇಂಥದೇ ಕಾರಿನಲ್ಲಿ.

ಚರ್ಮದ ಆಸನದಲ್ಲಿ ಕುಳಿತರೆ ಏಳಲು ಮನಸ್ಸಾಗದು. ಆದರೆ ದಯವಿಟ್ಟು ಇದನ್ನು ಅವಸರಪಡಿಸಬೇಡಿ. ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದರೆ ಗೇರ್ ಬದಲಾದದ್ದು ತಿಳಿಯುವುದೇ ಕಷ್ಟ. ಪೂರ್ತಿ ತುಳಿದರೆ ಕೆಳಗಿನ ಗೇರಿಗೆ ಇಳಿದು ಮುನ್ನುಗ್ಗುತ್ತದೆ. ಭಾರದ ಮೈ ತಿರುವಿನಲ್ಲಿ ವಾಲುತ್ತದೆ, ಮೊದಲೇ ನಿಧಾನಿಸಿ.

ಕೊಳ್ಳುವ ಮುನ್ನ ಗೇರ್‌ಬಾಕ್ಸ್ ಎಣ್ಣೆಯನ್ನು ಖಂಡಿತ ಪರೀಕ್ಷಿಸಿ. ಚೆನ್ನಾಗಿ ಓಡಿಸಿ ಬಿಸಿಯಾದ ಮೇಲೆ, ಎಂಜಿನ್ ಚಾಲೂ ಇರುವಾಗಲೇ ಮಟ್ಟ ನೋಡಬೇಕು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ, ಬಣ್ಣ ಎಷ್ಟೇ ಹೊಳೆಯಲಿ, ಆ ಕಾರು ಬೇಡ.